ಗುಪ್ತಜಾಲವೂ ರಾಜದಂಡವೂ

ಒಂದು ದೇಶದ ನೌಕಾಬಲವು ತನ್ನ ಗೂಢಚಾರರ ಸುಳಿವು ಶತ್ರುಗಳಿಗೆ ಸಿಕ್ಕದಿರಲೆಂದು ಕಲ್ಪಿಸಿದ ಉಪಾಯವೇ, ಮೂವತ್ತು ವರ್ಷ ತುಂಬುವಷ್ಟರಲ್ಲಿ, ಅದೇ ದೇಶದ ಪೊಲೀಸರನ್ನೂ ಲೋಕದ ಮಿಕ್ಕ ಸರ್ಕಾರಗಳನ್ನೂ ನಿದ್ದೆಗೆಡಿಸುವ ಸಮಸ್ಯೆಯಾಗಿ ಪರಿಣಮಿಸಿತೆಂಬುದು ಯಂತ್ರಯುಗದ ವಿಪರ್ಯಾಸಗಳಲ್ಲೊಂದು. 1990ರ ದಶಕದ ಮಧ್ಯದಲ್ಲಿ ಅಮೆರಿಕದ ನೌಕಾ ಸಂಶೋಧನಾಲಯದ ಪಾಲ್ ಸೈವರ್ಸನ್, ಮೈಕೇಲ್ ರೀಡ್, ಡೇವಿಡ್ ಗೋಲ್ಡ್‌ಶ್ಲಾಗ್ ಎಂಬ ಮೂವರು ಸಂಶೋಧಕರು ರೂಪಿಸಿದ ಆ ವಿಧಾನದಲ್ಲಿ, ಅಂತರ್ಜಾಲದ ಸಂದೇಶವು ಗೂಢಲಿಪಿಯ ಹಲವು ಹೊದಿಕೆಗಳನ್ನು ಹೊದ್ದು ಹೊರಡುತ್ತದೆ. ನಡುದಾರಿಯ ಗಣಕಗಳು—ಈಗಿನ ಪದ್ಧತಿಯಲ್ಲಿ ಸಾಮಾನ್ಯವಾಗಿ ಮೂರು—ಒಂದೊಂದೂ ಒಂದೊಂದು ಹೊದಿಕೆಯನ್ನು ಕಳಚಿ ಅದನ್ನು ಮುಂದಕ್ಕೆ ಸಾಗಿಸುತ್ತವೆ. ಪ್ರತಿಯೊಂದೂ ತನ್ನ ಹಿಂದಿನದನ್ನೂ ಮುಂದಿನದನ್ನೂ ಮಾತ್ರ ಬಲ್ಲುದಾದ್ದರಿಂದ, ಸಂದೇಶ ಎಲ್ಲಿಂದ ಹೊರಟಿತು, ಎಲ್ಲಿಗೆ ಸೇರುವುದು ಎಂಬೆರಡನ್ನೂ ಕೂಡಿಯೇ ಬಲ್ಲ ಗಣಕ ದಾರಿಯಲ್ಲಿ ಒಂದೂ ಇರುವುದಿಲ್ಲ. ರೋಜರ್ ಡಿಂಗಲ್‌ಡೈನ್ ಮತ್ತು ನಿಕ್ ಮ್ಯಾಥ್ಯೂಸನ್ ಎಂಬವರು ಕೈಜೋಡಿಸಿ 2002ರಲ್ಲಿ ಇದಕ್ಕೆ ‘ಟಾರ್’ ಎಂಬ ರೂಪವನ್ನು ಕೊಟ್ಟರು; 2004ರಲ್ಲಿ ನೌಕಾ ಸಂಶೋಧನಾಲಯವು ಅದರ ಮೂಲಸೂತ್ರಗಳನ್ನೆಲ್ಲ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟುಕೊಟ್ಟಿತು.

ಬಿಟ್ಟುಕೊಡುವಂತೆ ಮಾಡಿದ್ದು ತರ್ಕದ ಬಲವಂತ. ನೌಕಾಬಲದವರು ಮಾತ್ರವೇ ತುಳಿಯುವ ಗುಪ್ತಮಾರ್ಗವೊಂದಿದ್ದರೆ, ಅಲ್ಲಿಂದ ಹೊರಬಿದ್ದವನು ನೌಕಾಬಲದವನೇ ಎಂದು ಎಂಥ ಮಂದಮತಿಯಾದರೂ ಹೇಳಿಯಾನು. ಪತ್ರಕರ್ತನೂ ವ್ಯಾಪಾರಿಯೂ ವಿದ್ಯಾರ್ಥಿಯೂ, ನಿರಂಕುಶ ಪ್ರಭುತ್ವದ ಕೆಳಗೆ ಬಾಯಿ ಕಟ್ಟಿಸಿಕೊಂಡ ಪ್ರಜೆಯೂ, ಗಂಡನ ಹಿಂಸೆಗೆ ಅಂಜಿ ದೂರದ ಊರಿನಲ್ಲಿ ಅವಿತಿರುವ ಹೆಂಗಸೂ ಅದೇ ದಾರಿಯಲ್ಲಿ ಓಡಾಡಿದಾಗಲೇ ಗೂಢಚಾರನು ಗುಂಪಿನಲ್ಲಿ ಕರಗುವನು. ಗುಂಪು ನೆರೆದ ಮೇಲೆ ಕಳ್ಳನೂ ಬಂದು ಸೇರಿಕೊಂಡನು. ಸಜ್ಜನನನ್ನು ಮರೆಮಾಡುವ ಗಣಿತವೇ ದುರ್ಜನನನ್ನೂ ಮರೆಮಾಡುವುದಾಗಿದ್ದು, ಒಬ್ಬನಿಗೆ ಮುಸುಕನ್ನು ಕೊಟ್ಟು ಇನ್ನೊಬ್ಬನಿಂದ ಅದನ್ನು ಕಿತ್ತುಕೊಳ್ಳುವ ಸೂತ್ರವನ್ನು ಇದುವರೆಗೆ ಯಾವ ಪಂಡಿತನೂ ಕಂಡುಹಿಡಿದಿಲ್ಲ. ಆದುದರಿಂದ ಟಾರ್ ಮುಸುಕಿನಲ್ಲಿ ಬೆಳೆದ ಗುಪ್ತಜಾಲದೊಡನೆ, ಎಂದರೆ ಡಾರ್ಕ್ ವೆಬ್ಬಿನೊಡನೆ, ಸರ್ಕಾರಗಳು ನಡೆಸತಕ್ಕ ಹೋರಾಟವು ಮುಸುಕಿನ ಮೇಲಿನ ಯುದ್ಧವಾದರೆ ವ್ಯರ್ಥವೂ ಅನರ್ಥಕರವೂ ಆಗುವುದೆಂದೂ, ಮುಸುಕಿನ ಒಳಗಿನ ಕೈ ಹಣಕ್ಕಾಗಿಯೋ ಸರಕಿಗಾಗಿಯೋ ಹೊರಕ್ಕೆ ಚಾಚುವ ಎಡೆಯಲ್ಲಿ ಕಾದು ಹಿಡಿಯುವುದೇ ಫಲಿಸುವ ಮಾರ್ಗವೆಂದೂ ನನ್ನ ವಾದ.

ಮೊದಲು ಭಯದ ಪ್ರಮಾಣವನ್ನು ಸರಿಯಾಗಿ ಅಳೆದುಕೊಳ್ಳಬೇಕು. ಸಮುದ್ರದಲ್ಲಿ ತೇಲುವ ಹಿಮಗಡ್ಡೆಯ ಚಿತ್ರವನ್ನು ಬರೆದು, ನೀರಿನೊಳಗೆ ಮುಳುಗಿರುವ ಬಹುಭಾಗವೆಲ್ಲ ಡಾರ್ಕ್ ವೆಬ್ ಎಂದು ಓದುಗರ ಎದೆ ನಡುಗಿಸುವ ಲೇಖನಗಳು ಪತ್ರಿಕೆಗಳಲ್ಲಿ ಆಗಾಗ ಬರುವುದುಂಟು. ಹಾಗೆ ಮುಳುಗಿರುವುದರಲ್ಲಿ ಬಹುಪಾಲು ನಮ್ಮ ನಿಮ್ಮ ಬ್ಯಾಂಕಿನ ಲೆಕ್ಕ, ಇಮೇಲ್ ಪೆಟ್ಟಿಗೆ, ಕಚೇರಿಯ ಕಡತ. ಗುಪ್ತಜಾಲವು ಅದರಲ್ಲಿ ಒಂದು ಪುಟ್ಟ ಮೂಲೆ. ಆ ಮೂಲೆಯಲ್ಲಿಯೂ 2014ರಿಂದ ಫೇಸ್‌ಬುಕ್‌ಗೆ ಒಂದು ಬಾಗಿಲುಂಟು, 2019ರಿಂದ ಬಿಬಿಸಿಗೆ ಒಂದು ಬಾಗಿಲುಂಟು. ಆದರೆ ಮೂಲೆ ಚಿಕ್ಕದೆಂದು ಅಲ್ಲಿಯ ವಿಷ ಚಿಕ್ಕದಾಗುವುದಿಲ್ಲ. ಮಾದಕದ್ರವ್ಯ, ಕದ್ದ ಕ್ರೆಡಿಟ್ ಕಾರ್ಡು, ಪಾಸ್‌ವರ್ಡುಗಳ ಮೂಟೆ, ಆಸ್ಪತ್ರೆಗಳ ಗಣಕಗಳಿಗೆ ಬೀಗ ಜಡಿದು ಒತ್ತೆಹಣ ಕೇಳುವ ತಂತ್ರಾಂಶ, ಎಲ್ಲಕ್ಕಿಂತ ಹೀನವಾಗಿ ಎಳೆಯ ಮಕ್ಕಳ ಮೇಲಿನ ಅತ್ಯಾಚಾರದ ಚಿತ್ರಗಳು—ಇವುಗಳ ಕ್ರಯವಿಕ್ರಯ ಅಲ್ಲಿ ಬೆಲೆಪಟ್ಟಿ ಸಹಿತವಾಗಿ ನಡೆಯುತ್ತದೆ.

ಈ ಕ್ರಯವಿಕ್ರಯಕ್ಕೆ ಅಂಗಡಿಯ ಶಿಸ್ತನ್ನು ತಂದವನು ರಾಸ್ ಉಲ್‌ಬ್ರಿಕ್ಟ್ ಎಂಬ ಅಮೆರಿಕದ ತರುಣ. ಭೌತಶಾಸ್ತ್ರವನ್ನು ಓದಿದವನು, ಪ್ರಭುತ್ವವೆಂಬುದೇ ಬಲಾತ್ಕಾರ, ಪೇಟೆಯೊಂದೇ ಸ್ವಾತಂತ್ರ್ಯ ಎಂಬ ಸಿದ್ಧಾಂತವನ್ನು ತಲೆಗೇರಿಸಿಕೊಂಡಿದ್ದವನು. 2011ರ ಆರಂಭದಲ್ಲಿ ಅವನು ತೆರೆದ ‘ಸಿಲ್ಕ್ ರೋಡ್’ ಎಂಬ ಪೇಟೆಯಲ್ಲಿ ಟಾರ್ ಮುಸುಕಾಯಿತು, ಬಿಟ್‌ಕಾಯಿನ್ ನಾಣ್ಯವಾಯಿತು. ಕೊಂಡವನಿಗೆ ಸರಕು ಮುಟ್ಟುವವರೆಗೆ ಹಣ ಮಧ್ಯಸ್ಥನ ಬಳಿ ಇರತಕ್ಕದ್ದು, ಮುಟ್ಟಿದ ಮೇಲೆ ಕೊಂಡವನು ಮಾರಿದವನಿಗೆ ಅಂಕ ಕೊಡತಕ್ಕದ್ದು ಎಂಬ ನಿಯಮಗಳೂ ಇದ್ದವು. ಕಾನೂನನ್ನು ಧಿಕ್ಕರಿಸಿ ಹೊರನಡೆದವರು ಹೊರಗೆ ಹೋದ ಕೂಡಲೆ ತಮ್ಮದೇ ಒಂದು ಕಾನೂನನ್ನು ಕಟ್ಟಿಕೊಳ್ಳಬೇಕಾಗಿ ಬಂದುದು ವಿಚಾರಾರ್ಹ. ಆ ಕಾನೂನು ಎಷ್ಟು ದಿನ ನಿಂತೀತು ಎಂಬುದಕ್ಕೆ ನಿದರ್ಶನ ಬೇಕಾದರೆ, ‘ಇವಲ್ಯೂಷನ್’ ಎಂಬ ಇನ್ನೊಂದು ಪೇಟೆಯ ಯಜಮಾನರು 2015ರ ಮಾರ್ಚ್‌ನಲ್ಲಿ ಮಧ್ಯಸ್ಥರಾಗಿ ಹಿಡಿದಿದ್ದ ಹಣವನ್ನೆಲ್ಲ ಬಾಚಿಕೊಂಡು ಮಾಯವಾದುದನ್ನು ನೋಡಬಹುದು. ವಂಚಿತರಾದವರು ಯಾವ ಠಾಣೆಗೆ ಹೋಗಿ ದೂರು ಕೊಟ್ಟಾರು?

ಉಲ್‌ಬ್ರಿಕ್ಟ್ ಸಿಕ್ಕಿಬಿದ್ದ ಬಗೆಯು ನನ್ನ ವಾದಕ್ಕೆ ಮುಖ್ಯವಾದುದು. ಅವನ ಗೂಢಲಿಪಿಯನ್ನು ಯಾರೂ ಭೇದಿಸಿರಲಿಲ್ಲ. ಗ್ಯಾರಿ ಆಲ್ಫರ್ಡ್ ಎಂಬ ತೆರಿಗೆ ಇಲಾಖೆಯ ತನಿಖಾಧಿಕಾರಿಯೊಬ್ಬನು, ಈ ಪೇಟೆಯ ಹೆಸರು ಅಂತರ್ಜಾಲದಲ್ಲಿ ಮೊತ್ತಮೊದಲು ಎಲ್ಲಿ ಕಾಣಿಸಿತು ಎಂದು ಗೂಗಲ್‌ನಲ್ಲಿ ತಾಳ್ಮೆಯಿಂದ ಹುಡುಕುತ್ತ ಹೋಗಿ, ಅದನ್ನು ಪ್ರಚಾರಮಾಡಿದ ಒಂದು ಗುಪ್ತನಾಮವನ್ನೂ, ಅದೇ ಗುಪ್ತನಾಮದವನು ಬೇರೊಂದು ಕಡೆ ಮೈಮರೆತು ಬರೆದಿದ್ದ ತನ್ನ ನಿಜವಾದ ಹೆಸರಿನ ಇಮೇಲ್ ವಿಳಾಸವನ್ನೂ ಕಂಡುಹಿಡಿದನು. 2013ರ ಅಕ್ಟೋಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಗ್ಲೆನ್ ಪಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ, ಪ್ರಣಯಿಗಳಂತೆ ನಟಿಸುತ್ತಿದ್ದ ಇಬ್ಬರು ಅವನ ಬೆನ್ನ ಹಿಂದೆ ಕಲಹವಾಡಿದರು. ಅವನು ತಿರುಗಿ ನೋಡಿದ ಕ್ಷಣದಲ್ಲಿ ತೆರೆದಿದ್ದ ಲ್ಯಾಪ್‌ಟಾಪ್ ಪೊಲೀಸರ ಕೈಸೇರಿತು. ಬೀಗ ಹಾಕಿದ ಪೆಟ್ಟಿಗೆಯನ್ನು ಒಡೆಯಲಾರದವರು ಅದು ತೆರೆದಿರುವಾಗ ಹಿಡಿದರು. 2015ರಲ್ಲಿ ಅವನಿಗೆ ಪೆರೋಲಿಲ್ಲದ ಆಜೀವ ಕಾರಾಗೃಹವಾಯಿತು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಅವನಿಗೆ ಪೂರ್ಣ ಕ್ಷಮಾದಾನವನ್ನಿತ್ತರು. ಆ ಶಿಕ್ಷೆ ಅತಿಯಾಯಿತೆನ್ನುವವರ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ಶಿಕ್ಷೆಯನ್ನು ತಗ್ಗಿಸುವುದು ಬೇರೆ, ಅಪರಾಧವನ್ನೇ ಅಳಿಸಿಹಾಕುವುದು ಬೇರೆ. ಇಂಥ ಪೇಟೆಯನ್ನು ಮುಂದೆ ನಡೆಸಬೇಕೆಂದಿರುವವನಿಗೆ ಆ ಕ್ಷಮೆಯು ಯಾವ ಪಾಠವನ್ನು ಹೇಳಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಮುಂದಿನ ದೊಡ್ಡ ಪೇಟೆಯಾದ ಆಲ್ಫಾಬೇಯ ಯಜಮಾನ, ಕೆನಡಾದ ಅಲೆಕ್ಸಾಂಡರ್ ಕಾಜ್ ಎಂಬವನು, 2017ರ ಜುಲೈನಲ್ಲಿ ಬ್ಯಾಂಕಾಕಿನಲ್ಲಿ ಸಿಕ್ಕಿದ್ದೂ ಇಂಥದೇ ಅಜಾಗ್ರತೆಯಿಂದ: ಹೊಸ ಸದಸ್ಯರಿಗೆ ಪೇಟೆಯಿಂದ ಹೋಗುತ್ತಿದ್ದ ಸ್ವಾಗತಪತ್ರದ ತಲೆಬರಹದಲ್ಲಿ ಅವನ ಸ್ವಂತ ಇಮೇಲ್ ವಿಳಾಸ ಕೆಲಕಾಲ ಅಂಟಿಕೊಂಡಿತ್ತು. ಬಂಧನವಾದ ಒಂದು ವಾರದಲ್ಲಿ ಅವನು ಸೆರೆಯಲ್ಲಿಯೇ ಸತ್ತನು. ಈ ನಡುವೆ ನೆದರ್ಲೆಂಡ್ಸಿನ ಪೊಲೀಸರು ಇನ್ನೂ ಚತುರವಾದ ಕೆಲಸವನ್ನು ಮಾಡಿದ್ದರು. ‘ಹಾನ್ಸಾ’ ಎಂಬ ಪೇಟೆಯ ಆಡಳಿತಗಾರರಿಬ್ಬರು ಜರ್ಮನಿಯಲ್ಲಿ ಸೆರೆಯಾದೊಡನೆ, ಅದನ್ನು ಮುಚ್ಚದೆ ಗುಟ್ಟಾಗಿ ತಾವೇ ನಡೆಸತೊಡಗಿದರು. ಆಲ್ಫಾಬೇ ಮುಚ್ಚಿತೆಂದು ದಿಕ್ಕೆಟ್ಟ ವರ್ತಕರೂ ಗಿರಾಕಿಗಳೂ ಹಾನ್ಸಾಕ್ಕೆ ನುಗ್ಗಿದರು. ಪೊಲೀಸರು ಫೆಂಟನಿಲ್ ಎಂಬ ಘಾತುಕ ಮಾದಕದ್ರವ್ಯದ ಮಾರಾಟವನ್ನು ನಿಷೇಧಿಸಿ, ಮಿಕ್ಕದ್ದನ್ನು ನಡೆಯಗೊಟ್ಟು, ಪಾಸ್‌ವರ್ಡುಗಳನ್ನೂ ಅಂಚೆಯ ವಿಳಾಸಗಳನ್ನೂ ಬರೆದುಕೊಳ್ಳುತ್ತ 27 ದಿನ ಕುಳಿತಿದ್ದರು. ಜುಲೈ 20ರಂದು ಪರದೆ ಸರಿಸಿದಾಗ ಗಿರಾಕಿಗಳ ಸಹಸ್ರಾರು ವಿಳಾಸಗಳು ಯೂರೋಪಿನ ಪೊಲೀಸ್ ಸಹಕಾರ ಸಂಸ್ಥೆಯಾದ ಯೂರೋಪೋಲಿನ ಮೂಲಕ ಆಯಾ ದೇಶಗಳಿಗೆ ಹೋದವು. ಸರಕಿನ ನಷ್ಟಕ್ಕಿಂತ ಹೆಚ್ಚಾಗಿ ವಿಶ್ವಾಸದ ನಷ್ಟ ಆ ಪೇಟೆಗಳನ್ನು ಕಂಗೆಡಿಸಿತು. ಯಾವ ಅಂಗಡಿಯ ಗಲ್ಲೆಯ ಮೇಲೆ ಪೊಲೀಸನು ಕೂತಿದ್ದಾನೋ ಹೇಳುವವರಾರು?

ಹೀಗೆ ರಾಜ್ಯವೇ ಅಪರಾಧದ ಅಂಗಡಿಯನ್ನು ನಡೆಸಬಹುದೆ ಎಂಬ ಧರ್ಮಪ್ರಶ್ನೆಯನ್ನು ಬದಿಗೆ ಸರಿಸಲಾಗದು. ಹಾನ್ಸಾದ ವಿಷಯದಲ್ಲಿ ನಾನು ‘ನಡೆಸಬಹುದು’ ಎಂದೇನು: ಅವಧಿ ಪರಿಮಿತವಾಗಿತ್ತು, ಅತಿ ಘಾತುಕವಾದ ಸರಕನ್ನು ತಡೆಹಿಡಿದಿದ್ದರು, ಕೊಂಡವರು ತಾವು ಕೊಳ್ಳುವುದೇನೆಂದು ಅರಿತ ವಯಸ್ಕರು. ಆದರೆ 2015ರ ಫೆಬ್ರವರಿ–ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಬಿಐ, ‘ಪ್ಲೇಪೆನ್’ ಎಂಬ ಮಕ್ಕಳ ಲೈಂಗಿಕ ಶೋಷಣೆಯ ತಾಣವನ್ನು ವಶಕ್ಕೆ ತೆಗೆದುಕೊಂಡು, ಸದಸ್ಯರನ್ನು ಪತ್ತೆಹಚ್ಚುವ ಸಲುವಾಗಿ ಸುಮಾರು ಎರಡು ವಾರ ತಾನೇ ನಡೆಸಿತು. ಅಪರಾಧಿಗಳು ಬಹುಮಂದಿ ಸಿಕ್ಕಿದರು, ನಿಜ. ಆದರೆ ಆ ದಿನಗಳಲ್ಲಿ ಸರ್ಕಾರದ ಗಣಕದಿಂದ ಹಂಚಿಹೋದ ಪ್ರತಿಯೊಂದು ಚಿತ್ರದಲ್ಲಿಯೂ ಒಂದು ಮಗುವಿತ್ತು, ಆ ಮಗುವಿನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ, ಕೇಳಲು ಬರುವುದೂ ಇಲ್ಲ. ಇದು ಸಲ್ಲದು. ಅದರ ಫಲವೂ ಅಪೂರ್ಣವಾಯಿತು: ಮುಸುಕನ್ನು ಭೇದಿಸಿದ ತಂತ್ರವನ್ನು ಬಹಿರಂಗಪಡಿಸಲು ಒಪ್ಪದೆ, ಸರ್ಕಾರವು 2017ರಲ್ಲಿ ತಾನು ಹೂಡಿದ ಒಂದು ಮೊಕದ್ದಮೆಯನ್ನೇ ಕೈಬಿಟ್ಟಿತು. ನ್ಯಾಯಾಲಯದಲ್ಲಿ ತೋರಿಸಲಾಗದ ಅಸ್ತ್ರದಿಂದ ಹಿಡಿದ ಕಳ್ಳನು ಅರ್ಧ ಹಿಡಿದ ಕಳ್ಳ.

ಇದಕ್ಕೆ ಪ್ರತಿಯಾಗಿ ದಕ್ಷಿಣ ಕೊರಿಯದ ‘ವೆಲ್‌ಕಮ್ ಟು ವಿಡಿಯೋ’ ಎಂಬ ತಾಣದ ಕಥೆಯನ್ನಿಟ್ಟು ನೋಡಬೇಕು. ಅದೇ ಬಗೆಯ ಹೇಯ ವ್ಯಾಪಾರ, ಬೆಲೆ ಬಿಟ್‌ಕಾಯಿನ್. ಬಿಟ್‌ಕಾಯಿನ್ ಎಂದರೆ ಗುಪ್ತಧನವೆಂದು ಲೋಕ ನಂಬಿದೆಯಷ್ಟೆ. ವಾಸ್ತವದಲ್ಲಿ ಅದರ ಪ್ರತಿಯೊಂದು ಕೈಬದಲಾವಣೆಯೂ ಯಾರು ಬೇಕಾದರೂ ಓದಬಹುದಾದ, ಎಂದೆಂದಿಗೂ ಅಳಿಯದ ಖಾತೆಪುಸ್ತಕದಲ್ಲಿ ದಾಖಲಾಗುತ್ತದೆ. ನಾಣ್ಯವನ್ನು ರೂಪಾಯಿಗೋ ಡಾಲರಿಗೋ ಬದಲಾಯಿಸಿಕೊಳ್ಳಲು ವಿನಿಮಯ ಕೇಂದ್ರಕ್ಕೆ ಬಂದವನು ಅಲ್ಲಿ ತನ್ನ ಗುರುತನ್ನು ಕೊಟ್ಟಿರುತ್ತಾನೆ. ಅಮೆರಿಕದ ತೆರಿಗೆ ತನಿಖಾಧಿಕಾರಿಗಳು ಈ ಜಾಡನ್ನು ಹಿಡಿದು ಹೋದರು. 38 ದೇಶಗಳಲ್ಲಿ 337 ಮಂದಿ ಸೆರೆಯಾದರೆಂದೂ, ಕನಿಷ್ಠಪಕ್ಷ 23 ಮಕ್ಕಳು ಪೀಡಕರಿಂದ ಪಾರಾದರೆಂದೂ 2019ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಟಾರ್ ಮುರಿಯಲಿಲ್ಲ, ಚಿತ್ರಗಳನ್ನು ಸರ್ಕಾರ ಹಂಚಲಿಲ್ಲ. ಇಷ್ಟಾಗಿಯೂ ಆ ತಾಣವನ್ನು ನಡೆಸಿದವನಿಗೆ ಕೊರಿಯದ ನ್ಯಾಯಾಲಯ ವಿಧಿಸಿದ್ದು 18 ತಿಂಗಳ ಸೆರೆ. ಅಮೆರಿಕಕ್ಕೆ ಒಪ್ಪಿಸುವುದಕ್ಕೂ 2020ರಲ್ಲಿ ನಿರಾಕರಣೆ. ತನಿಖೆಯ ದಕ್ಷತೆಯನ್ನು ಶಿಕ್ಷೆಯ ಸಡಿಲವು ಹೇಗೆ ಹಾಳುಗೆಡಹಬಲ್ಲುದೆಂಬುದಕ್ಕೆ ಇದಕ್ಕಿಂತ ಕಟುವಾದ ದೃಷ್ಟಾಂತ ಬೇಡ.

ಹಣದ ಜಾಡನ್ನು ಹಿಡಿಯುವವರ ಕೈಯೂ ಶುದ್ಧವಾಗಿರಬೇಕು. ಸಿಲ್ಕ್ ರೋಡ್ ತನಿಖೆಯಲ್ಲಿ ನಿಯುಕ್ತರಾಗಿದ್ದ ಕಾರ್ಲ್ ಫೋರ್ಸ್, ಶಾನ್ ಬ್ರಿಡ್ಜಸ್ ಎಂಬ ಅಮೆರಿಕದ ಇಬ್ಬರು ಅಧಿಕಾರಿಗಳಲ್ಲಿ ಮೊದಲನೆಯವನು ತನಿಖೆಯ ಗುಟ್ಟುಗಳನ್ನು ಉಲ್‌ಬ್ರಿಕ್ಟನಿಗೇ ಮಾರಿದನು, ಎರಡನೆಯವನು ಪೇಟೆಯ ಬಿಟ್‌ಕಾಯಿನ್‌ಗಳನ್ನೇ ಕದ್ದನು. ಇಬ್ಬರಿಗೂ 2015ರಲ್ಲಿ ಸೆರೆವಾಸದ ಶಿಕ್ಷೆಯಾಯಿತು. ಎರಡನೆಯವನು ಸರ್ಕಾರದ ವಶದಲ್ಲಿದ್ದ ನಾಣ್ಯವನ್ನು ಮತ್ತೊಮ್ಮೆ ಕದ್ದು ಇನ್ನೆರಡು ವರ್ಷ ಹೆಚ್ಚಿಗೆ ಗಳಿಸಿದನು. ಈ ರೋಗ ಸಮುದ್ರದಾಚೆಯದೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. 2020ರ ನವೆಂಬರ್‌ನಲ್ಲಿ, ಗುಪ್ತಜಾಲದಲ್ಲಿ ಬಿಟ್‌ಕಾಯಿನ್ ಕೊಟ್ಟು ಹೊರನಾಡಿನಿಂದ ಗಾಂಜಾ ತರಿಸಿದ ಪ್ರಕರಣವೊಂದನ್ನು ಬೆಂಗಳೂರಿನ ಪೊಲೀಸರು ಹಿಡಿದರಷ್ಟೆ. ಅದರ ಎಳೆ ಒಬ್ಬ ಹ್ಯಾಕರ್‌ನ ಬಂಧನಕ್ಕೂ, ಅಲ್ಲಿಂದ ರಾಜ್ಯದ ರಾಜಕಾರಣವನ್ನೇ ಕಲಕಿದ ‘ಬಿಟ್‌ಕಾಯಿನ್ ಹಗರಣ’ಕ್ಕೂ ಬೆಳೆಯಿತು. 31 ಬಿಟ್‌ಕಾಯಿನ್‌ಗಳನ್ನು ವಶಪಡಿಸಿಕೊಂಡೆವೆಂದು 2021ರ ಜನವರಿಯಲ್ಲಿ ಸಾರಿದ್ದ ಆ ವಶವೇ ಆಮೇಲೆ ಸಂಶಯಾಸ್ಪದವಾಯಿತು. 2023ರಲ್ಲಿ ವಿಶೇಷ ತನಿಖಾ ತಂಡವು ನೇಮಕವಾಗಿ, ಮರುವರ್ಷದ ಜನವರಿಯಲ್ಲಿ ಹಿಂದಿನ ತನಿಖೆಯಲ್ಲಿ ತೊಡಗಿದ್ದ ಒಬ್ಬ ಇನ್‌ಸ್ಪೆಕ್ಟರನ್ನೂ ಖಾಸಗಿ ಸೈಬರ್ ತಜ್ಞನೊಬ್ಬನನ್ನೂ ಬಂಧಿಸಿತು. ದೋಷಿ ಯಾರೆಂಬುದನ್ನು ನ್ಯಾಯಾಲಯ ಹೇಳಲಿ. ಬಂಗಾರದ ಸರವನ್ನು ವಶಕ್ಕೆ ತೆಗೆದುಕೊಂಡರೆ ಪಂಚನಾಮೆ ಬರೆದು ಮೊಹರು ಹಾಕುವ ಪದ್ಧತಿ ನಮ್ಮ ಠಾಣೆಗಳಿಗೆ ತಲೆಮಾರುಗಳಿಂದ ರೂಢಿ. ಕಣ್ಣಿಗೆ ಕಾಣದ, ಒಂದು ಸಾಲಿನ ಗುಪ್ತಸಂಖ್ಯೆಯನ್ನು ಬಲ್ಲವನ ಪಾಲಾಗುವ ಈ ಧನಕ್ಕೆ ಅಂಥ ಪದ್ಧತಿ ಇನ್ನೂ ದೃಢವಾಗಿ ಬೇರೂರಿಲ್ಲ ಎಂಬುದಂತೂ ಸಿದ್ಧವಾಯಿತು.

ನಮ್ಮ ದೇಶದಲ್ಲಿ ಸರ್ಕಾರಗಳು ಸುಮ್ಮನೆ ಕುಳಿತಿವೆಯೆಂದರೆ ಅನ್ಯಾಯವಾದೀತು. ಸೈಬರ್ ಅಪರಾಧಗಳಿಗಾಗಿಯೇ ಒಂದು ಪೊಲೀಸ್ ಠಾಣೆಯನ್ನು 2001ರಷ್ಟು ಹಿಂದೆಯೇ ತೆರೆದ ಹಿರಿಮೆ ಬೆಂಗಳೂರಿನದು. ಈಗ ಸೈಬರ್, ಆರ್ಥಿಕ ಮತ್ತು ಮಾದಕದ್ರವ್ಯ ಅಪರಾಧಗಳಿಗೆಂದು ಜಿಲ್ಲೆಗಳಲ್ಲಿ ಸಿಇಎನ್ ಠಾಣೆಗಳಿವೆ. ಕೇಂದ್ರದ ಮಾದಕದ್ರವ್ಯ ನಿಯಂತ್ರಣ ಬ್ಯೂರೋ 2023ರಲ್ಲಿ ಗುಪ್ತಜಾಲದ ಒಂದು ಎಲ್‌ಎಸ್‌ಡಿ ವ್ಯೂಹವನ್ನು ಭೇದಿಸಿ ಸುಮಾರು 15,000 ಬ್ಲಾಟ್‌ಗಳನ್ನು ಹಿಡಿಯಿತು. 2025ರಲ್ಲಿ ಕೇರಳದ ಮೂವಾಟುಪುಳದಿಂದ ನಡೆಯುತ್ತಿದ್ದ ಇನ್ನೊಂದು ವ್ಯೂಹವನ್ನು ಹಿಡಿಯಿತು. 2023ರ ಮಾರ್ಚ್‌ನಿಂದ ಕ್ರಿಪ್ಟೋ ವಿನಿಮಯ ಕೇಂದ್ರಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೆ ಬಂದಿವೆ. ಇದು ಸರಿಯಾದ ಜಾಗದಲ್ಲಿ ಇಟ್ಟ ಕಾವಲು, ಏಕೆಂದರೆ ಗುಪ್ತಧನವು ಬಯಲಿಗೆ ಬರಲೇಬೇಕಾದ ಬಾಗಿಲು ಅದೇ. ಇನ್ನೊಂದು ಬಾಗಿಲು ಅಂಚೆಯದು. ಕಾಗದದ ಮಡಿಕೆಯಲ್ಲಿಯೋ ಆಟಿಕೆಯ ಹೊಟ್ಟೆಯಲ್ಲಿಯೋ ಅಡಗಿ ಬಂದ ಸರಕನ್ನು ಬೆಂಗಳೂರಿನ ಚಾಮರಾಜಪೇಟೆಯ ವಿದೇಶಿ ಅಂಚೆ ಕಚೇರಿಯಲ್ಲಿ ಸುಂಕದವರೂ ನಗರ ಪೊಲೀಸರ ಅಪರಾಧ ವಿಭಾಗವಾದ ಸಿಸಿಬಿಯವರೂ ಪದೇಪದೇ ಹಿಡಿದಿದ್ದಾರೆ. ಗುಪ್ತಜಾಲದ ಅತ್ಯಾಧುನಿಕ ಗೂಢಲಿಪಿಯೆಲ್ಲವೂ ಕೊನೆಗೆ ಬಂದು ಸೇರುವುದು ಒಬ್ಬ ಅಂಚೆಯ ಗುಮಾಸ್ತನ ಮೇಜಿಗೆ! ಆದರೆ ಹೀಗೆ ಸಿಕ್ಕುವವನು ಬಹುಮಟ್ಟಿಗೆ ಕೊಂಡವನು. ಮಾರಿದವನು ಬೇರೆ ದೇಶದಲ್ಲಿ ನೆಮ್ಮದಿಯಾಗಿರುತ್ತಾನೆ. ಎಲ್‌ಎಸ್‌ಡಿಯ ‘ವಾಣಿಜ್ಯ ಪ್ರಮಾಣ’ ನಮ್ಮ ಕಾನೂನಿನಲ್ಲಿ ಕೇವಲ 0.1 ಗ್ರಾಂ, ಅದಕ್ಕೆ ಕನಿಷ್ಠ ಶಿಕ್ಷೆ ಹತ್ತು ವರ್ಷ ಎಂಬುದನ್ನು ನೆನೆದರೆ, ಹಾಸ್ಟೆಲಿನ ಹುಡುಗನು ಸೆರೆಮನೆಯಲ್ಲಿ ಯೌವನವನ್ನು ಕಳೆದು, ವರ್ತಕನು ಮರುದಿನವೇ ಬೇರೆ ಹೆಸರಿನಲ್ಲಿ ಅಂಗಡಿ ತೆರೆಯುವ ಸಂಭವ ಕಣ್ಣಿಗೆ ಕಟ್ಟುತ್ತದೆ.

ಇವೆಲ್ಲವೂ ಬಾಗಿಲಲ್ಲಿ ಕಾಯುವ ಕ್ರಮಗಳು. ಇವನ್ನು ಬಲಪಡಿಸುವುದೆಂದರೆ ಯಾರಿಗೂ ವಿರೋಧವಿರಲಾರದು. ನನ್ನ ಆಕ್ಷೇಪವಿರುವುದು ಇನ್ನೊಂದು ಪ್ರವೃತ್ತಿಯ ಮೇಲೆ. 2021ರಲ್ಲಿ ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯೀ ಸಮಿತಿಯು, ಬಳಕೆದಾರನ ಅಂತರ್ಜಾಲ ಸಂಪರ್ಕವನ್ನು ಗೂಢಲಿಪಿಯಲ್ಲಿ ಮುಚ್ಚಿ ಒಯ್ಯುವ ವಿಪಿಎನ್‌ಗಳನ್ನು ಶಾಶ್ವತವಾಗಿ ತಡೆಹಿಡಿಯಬೇಕೆಂದು ಶಿಫಾರಸು ಮಾಡಿತು. ಮನೆಯಿಂದ ಕಚೇರಿಯ ಗಣಕವನ್ನು ಸುರಕ್ಷಿತವಾಗಿ ಮುಟ್ಟಲು ಬೆಂಗಳೂರಿನ ಲಕ್ಷಾಂತರ ನೌಕರರು ದಿನವೂ ಬಳಸುವ ಸಾಧನವದು ಎಂಬುದು ಸಮಿತಿಯ ಗಮನಕ್ಕೆ ಬರಲಿಲ್ಲವೇನೋ. ಸರ್ಕಾರವು ಅಷ್ಟು ದೂರ ಹೋಗಲಿಲ್ಲ. ಆದರೆ 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸೆರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ, ವಿಪಿಎನ್ ಸೇವೆ ಒದಗಿಸುವವರು ತಮ್ಮ ಗಿರಾಕಿಗಳ ಹೆಸರು, ವಿಳಾಸ, ದೂರವಾಣಿ, ಸೇವೆ ಪಡೆದ ಉದ್ದೇಶ ಮೊದಲಾದುವನ್ನು ಐದು ವರ್ಷ ಕೂಡಿಡತಕ್ಕದ್ದು. ಪರಿಣಾಮವೇನಾಯಿತು? ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ಮೊದಲಾದ ಸಂಸ್ಥೆಗಳು ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನು ಕಿತ್ತುಕೊಂಡು ಹೊರನಡೆದವು. ಟಾರ್ ಬಳಸುವ ಪಾತಕಿಗೆ ಇದರಿಂದ ಒಂದು ಕೂದಲೂ ಕೊಂಕಲಿಲ್ಲ. ಕಾನೂನಿಗೆ ತಲೆಬಾಗುವ ಗೃಹಸ್ಥನ ವಿವರಗಳು ಮಾತ್ರ ಕಡತಕ್ಕೆ ಸೇರಿದವು.

ಮಗುವನ್ನು ರಕ್ಷಿಸಬೇಕಾದ ಪೊಲೀಸ್ ಅಧಿಕಾರಿಯು ಇದಕ್ಕೆ ಹೇಳುವ ಉತ್ತರವನ್ನು ಹಗುರವಾಗಿ ತಳ್ಳಿಹಾಕಬಾರದು. ‘ಜಾಡು ಆರಿಹೋಗುವುದರೊಳಗೆ ಹಿಡಿಯಬೇಕು, ದಾಖಲೆಯೇ ಇಲ್ಲದಿದ್ದರೆ ಯಾವ ನ್ಯಾಯಾಧೀಶನ ಆಜ್ಞೆ ತಂದರೇನು ಫಲ?’ ಎಂದು ಅವನು ಕೇಳಿಯಾನು. ಕೇಳುವುದು ನ್ಯಾಯವೇ. ವಿದೇಶಗಳಿಂದ ಸಾಕ್ಷ್ಯವನ್ನು ತರಿಸಿಕೊಳ್ಳಲು ನಮ್ಮವರಿಗೆ ತಗಲುವ ಕಾಲ ದೀರ್ಘ. ಸೈಬರ್ ಅಪರಾಧದ ಬುಡಾಪೆಸ್ಟ್ ಒಪ್ಪಂದಕ್ಕೆ ಭಾರತ ಸಹಿಹಾಕಿಲ್ಲ. ಆದರೆ ಈ ಕೊರತೆಗೆ ಮದ್ದು ದೇಶದೇಶಗಳ ನಡುವಣ ಸಹಕಾರವನ್ನು ಚುರುಕುಗೊಳಿಸುವುದೂ, ಸಂಶಯ ಹುಟ್ಟಿದವನ ದಾಖಲೆಯನ್ನು ಒಡನೆಯೇ ಕಾದಿರಿಸುವ ಆಜ್ಞೆಯನ್ನು ಶೀಘ್ರವಾಗಿ ಪಡೆಯುವ ವ್ಯವಸ್ಥೆಯೂ ಹೊರತು, ಸಂಶಯವೇ ಇಲ್ಲದ ಕೋಟ್ಯಂತರ ಜನರ ವಿವರವನ್ನು ಕೂಡಿಹಾಕುವುದಾಗಲಾರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. ಅದಕ್ಕೆ ಮಿತಿ ಹಾಕುವ ಕ್ರಮಕ್ಕೆ ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕ ಪ್ರಮಾಣ ಇರಬೇಕೆಂದೂ ಆ ತೀರ್ಪಿನಿಂದ ಸ್ಥಿರಪಟ್ಟಿತು. ಸೆರ್ಟ್-ಇನ್ ನಿರ್ದೇಶನವು ಮೂರನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದೆಂದು ನನಗೆ ತೋರುವುದಿಲ್ಲ.

ಅದೂ ಹೋಗಲಿ, ಕೂಡಿಟ್ಟದ್ದು ಕೂಡಿಟ್ಟಲ್ಲಿಯೇ ಉಳಿಯುವುದೆ? ಗುಪ್ತಜಾಲದ ಅಂಗಡಿಗಳಲ್ಲಿ ಮಾರಾಟಕ್ಕಿರುವ ಭಾರತೀಯ ಸರಕಿನಲ್ಲಿ ದೊಡ್ಡ ಪಾಲು ಯಾವುದು ಎಂದರೆ ನಾವೇ, ಎಂದರೆ ನಮ್ಮ ಹೆಸರು, ಜನ್ಮದಿನ, ದೂರವಾಣಿ, ವಿಳಾಸ. 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಬಿಗ್‌ಬ್ಯಾಸ್ಕೆಟ್ ಸಂಸ್ಥೆಯ ಸುಮಾರು ಎರಡು ಕೋಟಿ ಗಿರಾಕಿಗಳ ವಿವರ ಅಲ್ಲಿ ಬಿಕರಿಗಿದೆಯೆಂದು ಭದ್ರತಾ ತಜ್ಞರು ವರದಿ ಮಾಡಿದರು, ಸಂಸ್ಥೆಯು ನಗರದ ಸೈಬರ್ ಪೊಲೀಸರಿಗೆ ದೂರಿತ್ತಿತು. 2023ರ ಅಕ್ಟೋಬರ್‌ನಲ್ಲಿ ಆಧಾರ್ ಮತ್ತು ಪಾಸ್‌ಪೋರ್ಟ್ ವಿವರಗಳೊಡನೆ 81.5 ಕೋಟಿ ಭಾರತೀಯರ ದಾಖಲೆ ತನ್ನಲ್ಲಿದೆಯೆಂದು ಒಬ್ಬ ಮಾರಾಟಗಾರನು ಸಾರಿಕೊಂಡದ್ದನ್ನು ಅಮೆರಿಕದ ಸಂಸ್ಥೆಯೊಂದು ಬಯಲಿಗೆಳೆಯಿತು. ‘ನಿಮ್ಮ ಹೆಸರಿಗೆ ಬಂದ ಪಾರ್ಸೆಲಿನಲ್ಲಿ ಮಾದಕದ್ರವ್ಯ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ’ ಎಂದು ಪೊಲೀಸರ ವೇಷದಲ್ಲಿ ಬೆದರಿಸುವ ವಂಚಕನು, ನಿವೃತ್ತ ಮಾಸ್ತರರ ಹೆಸರನ್ನೂ ವಿಳಾಸವನ್ನೂ ತಪ್ಪಿಲ್ಲದೆ ಹೇಳಿ ಅವರ ಜಂಘಾಬಲವನ್ನೇ ಉಡುಗಿಸುವುದಕ್ಕೆ ಇಂಥ ಸೋರಿಕೆಗಳು ಒಳ್ಳೆಯ ಬಂಡವಾಳ. ಸೋರುವ ಉಗ್ರಾಣಗಳ ದೇಶದಲ್ಲಿ ಐದು ವರ್ಷದ ಇನ್ನೊಂದು ಉಗ್ರಾಣವನ್ನು ಕಟ್ಟಿಸುವ ಆಜ್ಞೆಯು, ಗುಪ್ತಜಾಲದ ವರ್ತಕನಿಗೆ ನಾಳೆಯ ಸರಕನ್ನು ಇಂದೇ ಒದಗಿಸಿಡುವ ಆಜ್ಞೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ದತ್ತಾಂಶವನ್ನು ಕಾಪಾಡಲಾರದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೆ ದಂಡವನ್ನು ವಿಧಿಸಬಹುದೆನ್ನುತ್ತದೆ. ಗುಪ್ತಜಾಲದ ಅಂಗಡಿಗೆ ಸರಕು ಹೋಗದಂತೆ ಮೂಲದಲ್ಲಿಯೇ ತಡೆಯಬಲ್ಲ ಕಾನೂನು ಯಾವುದಾದರೂ ಇದ್ದರೆ ಅದು ಇದೇ. ಆದರೆ ಅದರ 17ನೆಯ ವಿಧಿಯಂತೆ ಕೇಂದ್ರ ಸರ್ಕಾರವು ತನಗೆ ಬೇಕಾದ ಸರ್ಕಾರಿ ಅಂಗಗಳನ್ನು, ದೇಶದ ಭದ್ರತೆ ಮೊದಲಾದ ಕಾರಣಗಳನ್ನು ಹೇಳಿ, ಈ ಹೊಣೆಯಿಂದ ಬಿಡುಗಡೆ ಮಾಡಬಹುದು. ಅತಿ ಹೆಚ್ಚು ದತ್ತಾಂಶವನ್ನು ಕೂಡಿಟ್ಟವನಿಗೆ ಅತಿ ಕಡಮೆ ಹೊಣೆ ಎಂಬುದು ಯಾವ ನ್ಯಾಯ? ಆ ವಿನಾಯಿತಿಯನ್ನು ಸಂಸತ್ತು ಕಿರಿದುಗೊಳಿಸಬೇಕು. ಚಂದಾದಾರರ ವಿವರವನ್ನು ಐದು ವರ್ಷ ಕೂಡಿಡಬೇಕೆಂಬ 2022ರ ನಿರ್ದೇಶನದ ಭಾಗವನ್ನು ಸರ್ಕಾರ ಹಿಂತೆಗೆದುಕೊಳ್ಳಬೇಕು. ಅದರ ಜಾರಿಗೆ ವೆಚ್ಚವಾಗುವ ಹಣವನ್ನೂ ಜನವನ್ನೂ ಜಿಲ್ಲೆಯ ಸಿಇಎನ್ ಠಾಣೆಗಳಿಗೆ, ವಿದೇಶಿ ಅಂಚೆಯ ತಪಾಸಣೆಗೆ, ಬಿಟ್‌ಕಾಯಿನ್ ಖಾತೆಯನ್ನು ಓದಬಲ್ಲ ತನಿಖಾಧಿಕಾರಿಗಳ ಶಿಕ್ಷಣಕ್ಕೆ ಕೊಡಬೇಕು. ಇಷ್ಟನ್ನು ಮಾಡಲು ಹೊಸ ಕಾನೂನೇನೂ ಬೇಕಿಲ್ಲ, ಇರುವ ಕಾನೂನಿಗೆ ಒಂದು ತಿದ್ದುಪಡಿಯೂ ಇಲಾಖೆಯ ಒಂದು ಆಜ್ಞೆಯೂ ಸಾಕು.